ಹತ್ತಕ್ಕೆ ನೂರು: ಲೆಕ್ಕ ಹಾಕಿ ನೋಡಿ

ದೀಪಾವಳಿ ಬಂತೆಂದರೆ ತಾಳವಾಡಿ ಬೆಟ್ಟದಲ್ಲೂ ಗಡಿಯಾಚೆ ಚಾಮರಾಜನಗರದ ಕಡೆಯೂ ಇಸ್ಪೀಟು ಕಟ್ಟು ಹೊರಗೆ ಬರುತ್ತದೆ. ನಾವು ಅಂದರ್-ಬಾಹರ್ ಅಂತೀವಿ, ತಮಿಳರು ಉಳ್ಳೆ-ವೆಳಿಯೆ ಅಂತಾರೆ. ಹೆಸರು ಎರಡು, ಕೈ ಸುಟ್ಟುಕೊಳ್ಳೋದು ಒಂದೇ.

ಮೂಲ ಆಟದಲ್ಲಿ ಮೊದಲ ಎಲೆ ಬೀಳುವ ಕಡೆ ಗೆಲ್ಲುವುದು ನೂರಕ್ಕೆ ಸುಮಾರು 51.5 ಸಲ. ಹೆಚ್ಚುಕಮ್ಮಿ ಸರಿಸಮ. ಆಸೆ ಹುಟ್ಟಿಸುವುದು ಅದರ ಜೊತೆಗಿನ ಸೈಡ್ ಬಾಜಿ. ‘ಮೊದಲ ಎಲೆಯೇ ಜೋಡಿಯಾದರೆ ಹತ್ತಕ್ಕೆ ನೂರು ಲಾಭ’ ಎಂದರೆ ಯಾರಿಗೆ ಬೇಡ?

ಲೆಕ್ಕ ನೋಡಿ. ತೆರೆದಿಟ್ಟ ಎಲೆ ಬಿಟ್ಟರೆ ಕಟ್ಟಿನಲ್ಲಿ ಉಳಿಯೋದು 51. ಅದಕ್ಕೆ ಜೋಡಿಯಾಗುವವು ಮೂರೇ. ಅಂದರೆ 17 ಸಲಕ್ಕೆ ಒಮ್ಮೆ. ಪ್ರತಿ ಸಲ ಹತ್ತು ರೂಪಾಯಿ ಕಟ್ಟಿದರೆ, ಸರಾಸರಿಯಲ್ಲಿ 16 ಸಲ ಸೋತು 160 ಹೋಗುತ್ತದೆ, ಒಮ್ಮೆ ಗೆದ್ದು 100 ಬರುತ್ತದೆ. ಉಳಿದ 60 ಬಾಜಿ ಹಿಡಿದವನ ಜೇಬಿಗೆ. ಕ್ಯಾಸಿನೊಗಳ ಬ್ಲ್ಯಾಕ್‌ಜಾಕ್ ಮೇಜಿನ ಜೋಡಿ ಬಾಜಿಯೂ ಇದೇ ಜಾತಿಯದು: ಬಹುಮಾನ ದೊಡ್ಡದಾಗಿ ಕಾಣುತ್ತದೆ, ನ್ಯಾಯವಾಗಿ ಕೊಡಬೇಕಾದ್ದಕ್ಕಿಂತ ಕಮ್ಮಿ ಇರುತ್ತದೆ.

ಲಾಟರಿಯನ್ನು ತಮಿಳುನಾಡು 2003ರಲ್ಲಿ, ಕರ್ನಾಟಕ 2007ರಲ್ಲಿ ನಿಲ್ಲಿಸಿದವು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕೇಂದ್ರ 2025ರಲ್ಲಿ ಕಾಯ್ದೆ ತಂದಿತು. ಆದರೆ ಜಗಲಿ ಮೇಲಿನ ಆಟಕ್ಕೆ ಮನೆಯವರೇ ಕಾವಲು. ಕೋಸು, ಅರಿಶಿನ ಮಾರಿ ತಂದ ದುಡ್ಡು ಮಕ್ಕಳ ಫೀಸಿಗೆ, ಸೊಸೈಟಿ ಸಾಲಕ್ಕೆ ಸೇರಬೇಕಾದ್ದು. ಈ ಹಬ್ಬಕ್ಕೆ ಹುಡುಗರನ್ನು ಬೈಯುವ ಬದಲು ಪಕ್ಕದಲ್ಲಿ ಕೂರಿಸಿಕೊಂಡು ಈ ಹದಿನೇಳರ ಲೆಕ್ಕ ಹೇಳಿಕೊಡಿ. ಲೆಕ್ಕ ಗೊತ್ತಿದ್ದವನು ಹತ್ತು ರೂಪಾಯಿ ಕಟ್ಟುವ ಮುಂಚೆ ಒಂದು ಸಲವಾದರೂ ಯೋಚಿಸ್ತಾನೆ.