ರಬ್ಬರಿನ ರಾಕ್ಷಸನೂ ರಸಿಕ ಮಹಾಶಯರೂ

ಹರಿಹರದ ಸ್ಥಳಪುರಾಣದಲ್ಲಿ ಗುಹಾಸುರನೆಂಬ ದೈತ್ಯನೊಬ್ಬನಿದ್ದಾನೆ. ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬರಕೂಡದೆಂದು ಬ್ರಹ್ಮನಿಂದ ವರ ಪಡೆದು ತುಂಗಭದ್ರೆಯ ತೀರವನ್ನೆಲ್ಲ ಗೋಳುಹೊಯ್ದುಕೊಂಡವನು. ಕಡೆಗೆ ಹರಿಹರರಿಬ್ಬರೂ ಒಂದೇ ಶರೀರವಾಗಿ ಬಂದು ಅವನನ್ನು ಸಂಹರಿಸಬೇಕಾಯಿತು. ಹೊಯ್ಸಳರ ದಂಡನಾಥ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ದೇಗುಲಕ್ಕೆ ಇಂದಿಗೂ ಯಾತ್ರಿಕರು ಬರುತ್ತಾರೆ. ಕಥೆಯನ್ನು ಕೇಳಿ ಕೈಮುಗಿಯುತ್ತಾರೆ. ಗುಹಾಸುರನು ಎಷ್ಟು ಗಜ ಎತ್ತರವಿದ್ದನೆಂದೋ, ಅವನ ಚರ್ಮ ನಿಜವಾದ ಚರ್ಮವೆ ಎಂದೋ ಅರ್ಚಕರಿಗೆ ಅಡ್ಡಸವಾಲು ಹಾಕುವ ಗೋಜಿಗೆ ಯಾರೂ ಹೋಗುವುದಿಲ್ಲ.

ಅಲ್ಲಿಂದ ಹದಿನಾಲ್ಕು ಕಿಲೋಮೀಟರು ದೂರದ ದಾವಣಗೆರೆಯ ಮನೆಯೊಂದರಲ್ಲಿ ಒಂದು ಭಾನುವಾರ ಮಧ್ಯಾಹ್ನ ಹಳೆಯ ಜಪಾನೀ ಚಲಚ್ಚಿತ್ರ ‘ಗೋಜಿರಾ’ವನ್ನು ಹಚ್ಚಿದರೆನ್ನಿ. ಪರ್ವತದ ಹಿಂದಿನಿಂದ ರಾಕ್ಷಸನ ತಲೆ ಎದ್ದು ಎರಡು ನಿಮಿಷವಾಗಿರುವುದಿಲ್ಲ, ಮೊಮ್ಮಗನ ತೀರ್ಪು ಹೊರಬೀಳುತ್ತದೆ: “ಅದರೊಳಗೆ ಮನುಷ್ಯ ಇದಾನೆ ನೋಡಜ್ಜ!”

ಇದ್ದಾನೆ, ಸಂದೇಹವಿಲ್ಲ. ಅವನ ಹೆಸರು ಹರುವೊ ನಕಾಜಿಮಾ. ಮೊದಲು ತಯಾರಾದ ರಬ್ಬರಿನ ವೇಷದ ತೂಕ ಸುಮಾರು 100 ಕಿಲೋ. ಅದನ್ನು ತೊಟ್ಟು ನಡೆಯುವುದೇ ದುಸ್ಸಾಧ್ಯವಾಗಿ ಮತ್ತೊಂದನ್ನು ಹಗುರವಾಗಿ ಮಾಡಬೇಕಾಯಿತು. ದೀಪಗಳ ಉರಿಯಲ್ಲಿ ಅದರೊಳಗೆ ಬೆಂದ ಆ ನಟ, ದೊಡ್ಡ ಪ್ರಾಣಿಗಳು ಹೆಜ್ಜೆಯಿಡುವ ರೀತಿಯನ್ನು ಮೃಗಾಲಯಕ್ಕೆ ಹೋಗಿ ನೋಡಿ ಕಲಿತವನು. ಚಮತ್ಕಾರ ದೃಶ್ಯಗಳ ನಿರ್ದೇಶಕ ಎಯಿಜಿ ತ್ಸುಬುರಾಯಾ 1933ರ ‘ಕಿಂಗ್ ಕಾಂಗ್’ ಚಿತ್ರದಂತೆ ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸುತ್ತ ಒಂದೊಂದೇ ಚಿತ್ರ ತೆಗೆಯಬೇಕೆಂದಿದ್ದ. ಅದಕ್ಕೆ ಕಾಲವೂ ಇರಲಿಲ್ಲ, ಹಣವೂ ಇರಲಿಲ್ಲ. ಆದಕಾರಣ ಟೋಕಿಯೋ ನಗರವನ್ನೇ ಇಪ್ಪತ್ತೈದರಲ್ಲೊಂದು ಪಾಲು ಕಿರಿದಾಗಿ ಕಟ್ಟಿ, ಅದರ ನಡುವೆ ವೇಷದ ಮನುಷ್ಯನನ್ನು ನಡೆಸಿ, ಕ್ಯಾಮೆರಾವನ್ನು ಅತಿವೇಗವಾಗಿ ಓಡಿಸಿದರು. ತೆರೆಯ ಮೇಲೆ ಅದು ಸಹಜ ವೇಗದಲ್ಲಿ ಓಡಿದಾಗ ನಡಿಗೆ ನಿಧಾನವಾಗಿ, ಭಾರವಾಗಿ ಕಾಣುತ್ತದೆ. ಆ ಘರ್ಜನೆಯೂ ಯಾವ ಪ್ರಾಣಿಯದಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ದೊಡ್ಡ ಪಿಟೀಲಿನ ಸಡಿಲಿಸಿದ ತಂತಿಯ ಮೇಲೆ ರಾಳ ಹಚ್ಚಿದ ತೊಗಲಿನ ಕೈಚೀಲವನ್ನು ಎಳೆಸಿ ಹೊರಡಿಸಿದ ಸ್ವರವದು. ಹೆಸರೋ, ಗೊರಿಲ್ಲ ಮತ್ತು ತಿಮಿಂಗಿಲ ಎಂಬರ್ಥದ ಎರಡು ಜಪಾನೀ ಪದಗಳ ಸಂಧಿ.

ಇಷ್ಟು ಕೇಳಿದ ಮೇಲೆ ಮೊಮ್ಮಗನ ನಗೆ ಇಮ್ಮಡಿಯಾದರೆ ಆಶ್ಚರ್ಯವಿಲ್ಲ. ಆದರೆ 1954ರ ನವೆಂಬರ್ 3ರಂದು ಈ ಚಿತ್ರ ಬಿಡುಗಡೆಯಾದಾಗ ಜಪಾನಿನ ಜನ ನಕ್ಕವರಲ್ಲ. ಸುಮಾರು 96 ಲಕ್ಷ ಟಿಕೆಟ್ಟುಗಳು ಮಾರಾಟವಾದವು. ಆ ವರ್ಷ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಜಲಜನಕ ಬಾಂಬಿನ ಪರೀಕ್ಷೆಯ ಬಿಳಿಯ ಬೂದಿ, ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯೊಂದರ ಮೇಲೆ ಹಿಮದಂತೆ ಉದುರಿತ್ತು. ದೋಣಿಯಲ್ಲಿದ್ದವರು 23 ಮಂದಿ. ಅದರ ರೇಡಿಯೋ ಚಾಲಕ ಅಯಿಕಿಚಿ ಕುಬೋಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡ. ಆರು ವಾರಗಳೂ ತುಂಬುವ ಮೊದಲೇ ಜನ ಚಿತ್ರಮಂದಿರದಲ್ಲಿ ಕುಳಿತು ನೋಡಿದ ಪ್ರಥಮ ದೃಶ್ಯ, ಕಣ್ಣು ಕೋರೈಸುವ ಬೆಳಕಿನಲ್ಲಿ ಹಡಗೊಂದು ಹೊತ್ತಿಕೊಂಡು ಮುಳುಗುವುದು! ರೈಲಿನಲ್ಲಿ ಕುಳಿತ ಹೆಣ್ಣುಮಗಳೊಬ್ಬಳು, ನಾಗಸಾಕಿಯಿಂದ ಹೇಗೋ ಜೀವ ಉಳಿಸಿಕೊಂಡು ಬಂದವಳು, ಈಗ ಇದೊಂದು ಬಂತಲ್ಲ ಎಂದು ಬೇಸರದಿಂದ ಹೇಳುತ್ತಾಳೆ. ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಬಳಿಗೇ ಹೋಗುತ್ತೇವೆ ಎಂದು ಸಂತೈಸುತ್ತಾಳೆ. ಯುದ್ಧ ಮುಗಿದು ಒಂಬತ್ತೇ ವರ್ಷವಾಗಿತ್ತು. ನಿರ್ದೇಶಕ ಇಶಿರೊ ಹೊಂಡಾ ಸ್ವತಃ ಸೈನಿಕನಾಗಿದ್ದು ಊರಿಗೆ ಮರಳುವಾಗ ಹಿರೋಷಿಮಾವನ್ನು ಕಂಡವನು.

ಹಾಗೆಂದು ಅಲ್ಲಿಯ ಪಂಡಿತರೆಲ್ಲ ಮೆಚ್ಚಿದರೆಂದೇನೂ ಅಲ್ಲ. ಜನರ ಸಂಕಟವನ್ನು ಹಣಕ್ಕೆ ಮಾರುತ್ತಿದ್ದಾರೆಂದು ಕೆಲವು ವಿಮರ್ಶಕರು ಹೊಂಡಾನನ್ನು ಹಳಿದರು. ಈ ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ನಗುವಿಗಿಂತ ಇದು ಎಷ್ಟೋ ಗೌರವದ ಆಕ್ಷೇಪ. ಚಿತ್ರದಲ್ಲಿ ಏನೋ ಇದೆಯೆಂದು ಒಪ್ಪಿಕೊಂಡ ಮೇಲೆ ಹುಟ್ಟುವಂಥದು.

ನಗೆ ಹುಟ್ಟಿದ್ದು ಬೇರೆ ಕಡೆ. 1956ರಲ್ಲಿ ಅಮೆರಿಕದವರು ಈ ಚಿತ್ರವನ್ನು ಕೊಂಡು, 96 ನಿಮಿಷದ್ದನ್ನು 80 ನಿಮಿಷಕ್ಕಿಳಿಸಿ, ರೇಮಂಡ್ ಬರ್ ಎಂಬ ತಮ್ಮ ನಟನನ್ನು ಪತ್ರಿಕಾ ವರದಿಗಾರನನ್ನಾಗಿ ನಡುನಡುವೆ ತುರುಕಿದರು. ರೈಲಿನ ಆ ಹೆಣ್ಣುಮಗಳ ನಾಗಸಾಕಿಯ ಮಾತು ಮಾಯವಾಯಿತು. ಬಾಂಬು ಹಿಂದಕ್ಕೆ ಸರಿದು ರಬ್ಬರು ಮುಂದಕ್ಕೆ ಬಂತು. ಹೊರನಾಡುಗಳಲ್ಲಿ ಎಷ್ಟೋ ಮಂದಿಗೆ ‘ಗಾಡ್‌ಜಿಲ್ಲಾ’ ಎಂಬ ಹೆಸರಿನಿಂದ ಪರಿಚಯವಾದುದು ಈ ಕತ್ತರಿಸಿದ ಪ್ರತಿಯೇ. ಕರುಳನ್ನು ಕಿತ್ತು ಚರ್ಮವನ್ನು ಪ್ರದರ್ಶನಕ್ಕಿಟ್ಟರೆ ನೋಡುವವರು ಚರ್ಮದ ಹೊಲಿಗೆಯನ್ನಲ್ಲದೆ ಇನ್ನೇನನ್ನು ನೋಡಿಯಾರು?

ಹೊಲಿಗೆ ಕಾಣಿಸಿತೆಂದು ರಸಾಸ್ವಾದ ಕೆಡಲೇಬೇಕೆ ಎಂಬ ಪ್ರಶ್ನೆಗೆ ದಾವಣಗೆರೆಗಿಂತ ಒಳ್ಳೆಯ ಸಾಕ್ಷಿ ಸಿಕ್ಕುವುದು ಕಷ್ಟ. ಚಿಂದೋಡಿ ವೀರಪ್ಪನವರ ಕೆ. ಬಿ. ಆರ್. ನಾಟಕ ಕಂಪನಿಯ ಊರಿದು. ಹತ್ತಿಯ ಗಿರಣಿಗಳ ಕೆಲಸ ಮುಗಿಸಿ ಬಂದು ಕಂಪನಿ ನಾಟಕ ನೋಡುತ್ತಿದ್ದ ತಲೆಮಾರಿಗೆ ಪರದೆಯ ಮೇಲಿನ ಅರಮನೆ ಬಣ್ಣದ ಬಟ್ಟೆಯೆಂದು ಗೊತ್ತಿತ್ತು. ಮೀಸೆ ಅಂಟಿಸಿದ್ದೆಂದೂ ಗೊತ್ತಿತ್ತು. ಗೊತ್ತಿದ್ದೂ ಅತ್ತರು, ಗೊತ್ತಿದ್ದೂ ಬೆಚ್ಚಿದರು. 1951ರಲ್ಲಿ ಡಿ. ಶಂಕರ್‌ಸಿಂಗ್ ನಿರ್ದೇಶಿಸಿದ, ಹರಿಣಿ ನಟಿಸಿದ ‘ಜಗನ್ಮೋಹಿನಿ’ ಎಂಬ ಮಾಯಾಲೋಕದ ಕನ್ನಡ ಚಿತ್ರ ದಾವಣಗೆರೆಗೆ ಬಂದಾಗ ಸುತ್ತಲ ಹಳ್ಳಿಯವರು ಆಸ್ತಿಪಾಸ್ತಿ ಮಾರಿ ಮತ್ತೆ ಮತ್ತೆ ನೋಡಿದರೆಂಬ ಮಾತು ಚಿತ್ರರಂಗದ ಐತಿಹ್ಯವಾಗಿ ಉಳಿದಿದೆ. ಉತ್ಪ್ರೇಕ್ಷೆಯಿದ್ದೀತು, ಆದರೆ ಉತ್ಪ್ರೇಕ್ಷೆಯೂ ಬೇರಿಲ್ಲದೆ ಬೆಳೆಯುವುದಿಲ್ಲ. ಆ ಚಿತ್ರದ ಮಹಾತ್ಮಾ ಪಿಕ್ಚರ್ಸ್‌ನ ಪಾಲುದಾರರಾಗಿದ್ದ ಉಡುಪಿ ಕಡೆಯ ಬಿ. ವಿಠಲಾಚಾರ್ಯರು ಮುಂದೆ ತೆಲುಗಿನಲ್ಲಿ ಭೂತಪಿಶಾಚಿಗಳ ಸಾಮ್ರಾಜ್ಯವನ್ನೇ ಕಟ್ಟಿದರು. ಸೌದೆಗೆ ಬದಲಾಗಿ ತನ್ನ ಕಾಲುಗಳನ್ನೇ ಒಲೆಗಿಟ್ಟು ಅಡುಗೆ ಮಾಡುವ ಅವರ ಪಿಶಾಚಿಯನ್ನು ಕಂಡು ಯಾವ ಗೃಹಿಣಿ ತಾನೆ ಯುಕ್ತಾಯುಕ್ತ ವಿಚಾರಕ್ಕೆ ಕುಳಿತಾಳು! ಹಿಂದಿಯವರೂ 1966ರಲ್ಲಿ ‘ಗೋಗೋಲಾ’ ಎಂದು ಜಪಾನೀ ರಾಕ್ಷಸನಿಗೊಬ್ಬ ತಮ್ಮನನ್ನು ಹುಟ್ಟಿಸಿ, ಹಾಡುಗಳನ್ನೂ ಹಾಡಿಸಿದರು.

ಮೊಮ್ಮಗನ ಪಕ್ಷವನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. 1962ರ ಚಿತ್ರದಲ್ಲಿ ಗೋಜಿರಾ ಕಿಂಗ್ ಕಾಂಗನೊಡನೆ ಪೈಲ್ವಾನನಂತೆ ಕುಸ್ತಿಗೆ ಬೀಳುತ್ತಾನೆ. 1973ರದರಲ್ಲಂತೂ ಬಾಲದ ಮೇಲೆ ಜಾರಿಕೊಂಡು ಬಂದು ಎದುರಾಳಿಯ ಎದೆಗೆ ಒದೆಯುತ್ತಾನೆ. ದಾವಣಗೆರೆಯ ಗರಡಿಯವರೂ ತಲೆದೂಗಬೇಕಾದ ಪಟ್ಟು! ಇಲ್ಲಿ ನಗುವುದು ಅಪರಾಧವಲ್ಲ, ನಗದಿರುವುದೇ ಅರಸಿಕತೆ. ಮಕ್ಕಳನ್ನು ನಗಿಸಲೆಂದೇ ತ್ಸುಬುರಾಯಾ ಆ ದಾರಿ ಹಿಡಿದ. ಮೊದಲ ಚಿತ್ರವನ್ನೂ ಇವುಗಳ ಸಾಲಿನಲ್ಲೇ ಕೂರಿಸಿ ನಗುವುದು ಮಾತ್ರ ಅನ್ಯಾಯ. ಅದರಲ್ಲಿ ವಿಜ್ಞಾನಿ ಸೆರಿಜಾವಾ, ಗೋಜಿರಾವನ್ನು ಕೊಲ್ಲಬಲ್ಲ ಒಂದೇ ಅಸ್ತ್ರ ತನ್ನ ಕೈಯಲ್ಲಿದ್ದರೂ ಹೊರಗೆ ತೆಗೆಯಲು ಹೆದರುತ್ತಾನೆ. ಒಮ್ಮೆ ಲೋಕ ಕಂಡಿತೆಂದರೆ ರಾಜ್ಯಗಳು ಅದನ್ನೂ ಬಾಂಬಾಗಿ ಮಾಡಿಕೊಳ್ಳುವುವೆಂದು. ಕಡೆಗೆ ಬರಹಗಳನ್ನೆಲ್ಲ ಸುಟ್ಟು, ಕಡಲಿನ ತಳಕ್ಕಿಳಿದು, ಅಸ್ತ್ರವನ್ನು ಪ್ರಯೋಗಿಸಿ, ತನ್ನ ಉಸಿರಿನ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಭಸ್ಮಾಸುರನ ಕಥೆ ಬಲ್ಲ ನಾಡಿನ ಅಜ್ಜನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿಯವರೆಗೆ ಮೊಮ್ಮಗ ತೆರೆಯ ಮುಂದೆ ಕುಳಿತಿರಬೇಕಷ್ಟೆ.

2023ರ ‘ಗಾಡ್‌ಜಿಲ್ಲಾ ಮೈನಸ್ ಒನ್’ ಮರುವರ್ಷ ದೃಶ್ಯಚಮತ್ಕಾರಕ್ಕಾಗಿ ಆಸ್ಕರ್ ಪಡೆಯಿತು. ಅದರಲ್ಲಿ ಹೊಲಿಗೆ ಕಾಣುವುದಿಲ್ಲವಾದ್ದರಿಂದ ಹುಡುಗರಿಗೆ ಅದೇ ಮೇಲು. ಮನೆಮಂದಿಯೆಲ್ಲ ಕೂಡಿ ನೋಡುವುದಾದರೆ ಮೊದಲು 1962ರ ಕುಸ್ತಿಯನ್ನು ತೋರಿಸಿ ನಗುವಷ್ಟು ನಗಲು ಬಿಡುವುದು ಲೇಸು. 1954ರದನ್ನು ಇನ್ನೊಂದು ದಿನ, ರಾತ್ರಿಯ ಊಟವಾದ ಮೇಲೆ, ದೀಪ ಆರಿಸಿ, ಜಪಾನೀ ಮಾತಿನಲ್ಲೇ, 96 ನಿಮಿಷದ ಮೂಲಪ್ರತಿಯಲ್ಲಿ ನೋಡಬೇಕು.