ಬಾಳಿಕೆ ಬರುವ ವ್ಯಾಪಾರ

ಈಚೆಗೆ ವಾಣಿಜ್ಯದ ಮಾತು ಬಂದಲ್ಲೆಲ್ಲ ‘ಸುಸ್ಥಿರತೆ’ ಎಂಬ ಶಬ್ದವು ಕೇಳಿಬರುತ್ತಿದೆ. ‘ಸ್ಥಾ’ ಎಂಬ ಧಾತುವಿಗೆ ನಿಲ್ಲುವುದೆಂದು ಅರ್ಥ. ಚೆನ್ನಾಗಿ ನಿಲ್ಲತಕ್ಕದ್ದು ಸುಸ್ಥಿರ. ನಮ್ಮ ಕಡೆಯ ಹೆಣ್ಣುಮಕ್ಕಳು ಅರಿವೆ ಕೊಳ್ಳುವಾಗ ‘ಬಾಳಿಕೆ ಬಂದೀತೇ?’ ಎಂದು ಕೇಳುವರಷ್ಟೆ. ಅದೇ ಪ್ರಶ್ನೆಯನ್ನು ವ್ಯಾಪಾರಕ್ಕೂ ಹಾಕಿದರೆ ಈ ಶಬ್ದದ ತಾತ್ಪರ್ಯವು ತಿಳಿಯುವುದು.

ವಿಚಾರವು ಹೊಸದಲ್ಲ. ಜರ್ಮನಿಯ ಸ್ಯಾಕ್ಸನಿ ಸೀಮೆಯಲ್ಲಿ ಗಣಿಗಳ ಅಧಿಕಾರಿಯಾಗಿದ್ದ ಕಾರ್ಲೊವಿಟ್ಸನು, ಗಣಿಗಳಿಗೆ ಬೇಕಾದ ಕಟ್ಟಿಗೆಯು ತೀರುತ್ತ ಬಂದುದನ್ನು ಕಂಡು, ಕಡಿದುದಕ್ಕೆ ತಕ್ಕಷ್ಟು ಕಾಡನ್ನು ಬೆಳೆಸಬೇಕೆಂದು 1713ರಲ್ಲಿಯೇ ಗ್ರಂಥವನ್ನು ಬರೆದನು. ಮುಂದಿನವರ ಅವಶ್ಯಕತೆಗಳಿಗೆ ಕುಂದು ತಾರದೆ ಇಂದಿನವರ ಅವಶ್ಯಕತೆಗಳನ್ನು ಪೂರೈಸಬೇಕೆಂದು 1987ರಲ್ಲಿ ಬ್ರುಂಟ್‌ಲಾಂಡ್ ಆಯೋಗವು ಸಾರಿತು. ನಮ್ಮ ವರ್ತಕರಿಗೆ ‘ಮೂಲಧನ’ವೆಂಬ ಮಾತೊಂದೇ ಸಾಕು. ಮೂಲವೆಂದರೆ ಬೇರು. ಫಲವನ್ನು ಉಣ್ಣಬಹುದು; ಬೇರನ್ನು ಉಂಡವನಿಗೆ ಮರುವರ್ಷ ಫಲವಿಲ್ಲ.

ಇದಕ್ಕೆ ನಿದರ್ಶನವಾಗಿ ಗುಳೇದಗುಡ್ಡದ ಖಣವನ್ನು ನೋಡೋಣ. ಉಡಿ ತುಂಬುವಾಗ, ಬಸುರಿಗೆ ಕುಬಸ ಮಾಡುವಾಗ, ದೇವಿಗೆ ಅರ್ಪಿಸುವಾಗ ಈ ಖಣವು ಬೇಕು. ತೇರು, ತೊಟ್ಟಿಲು, ಆನೆ ಮೊದಲಾದ ಚಿತ್ತಾರಗಳು ಅದರ ಮೈಮೇಲೆ ಮೂಡಿರುವುವು. ನೇಕಾರನು ಕುಣಿಮಗ್ಗದಲ್ಲಿ ಕುಳಿತು ಲಾಳಿಯಾಡಿಸಿದರೆ, ಮನೆಯ ಹೆಂಗಸರು ಕಂಡಿಕೆ ಸುತ್ತುವರು. ಮಕ್ಕಳು ನೋಡುತ್ತ ನೋಡುತ್ತ ಕಲಿಯುವರು. ಈ ವಿದ್ಯೆಗೆ ಪಾಠಶಾಲೆಯೆಂದರೆ ಮನೆಯೇ.

ಸಾಮಾನ್ಯವಾಗಿ ವರ್ತಕನು ನೂಲು ಕೊಡುವನು. ನೇಕಾರನು ನೆಯ್ದು ಮಜೂರಿ ಪಡೆಯುವನು. ವರ್ತಕನೊಬ್ಬನು 100 ಮಗ್ಗಗಳಿಗೆ ನೂಲು ಕೊಡುವನೆಂದು ಭಾವಿಸೋಣ. ವಿದ್ಯುನ್ಮಗ್ಗದ ಅಗ್ಗದ ಅರಿವೆಯು ಪೇಟೆಗೆ ಬಂದಾಗ ಅವನು ಮಜೂರಿಯನ್ನು ಇಳಿಸಿದನು. ಆ ವರ್ಷ ಲಾಭವು ಹೆಚ್ಚಿತು. ಆದರೆ ನೇಕಾರನ ಮಗನು ತಂದೆಯ ಗಳಿಕೆಯನ್ನು ನೋಡಿ, ಕುಣಿಗೆ ಇಳಿಯದೆ ದುಡಿಮೆಗಾಗಿ ಪರಸ್ಥಳಕ್ಕೆ ಹೊರಟನು. 100 ಮಗ್ಗಗಳು 60 ಆದುವು, 60 ಇದ್ದವು 20 ಆದುವು. ಮುಂದೊಂದು ದಿನ ಒಳ್ಳೆಯ ಗಿರಾಕಿಯು ಬಂದು ಕೈಮಗ್ಗದ ಖಣವನ್ನೇ ಬೇಡುವನು. ಆಗ ವರ್ತಕನಲ್ಲಿ ಹಣವುಂಟು, ನೂಲುಂಟು, ನೆಯ್ಯುವ ಕೈಗಳಿಲ್ಲ. ಅವನು ಲಾಭವೆಂದು ಬರೆದುಕೊಂಡುದು ನಿಜವಾಗಿ ಮೂಲಧನದ ವೆಚ್ಚವಾಗಿತ್ತು. ಖಾತೆಕಿರ್ದಿಯಲ್ಲಿ ಕೈಚಳಕಕ್ಕೆ ಕಲಮಿಲ್ಲದುದರಿಂದ ನಷ್ಟವು ಕಾಣಲಿಲ್ಲ. ಕಡಿದ ಕಾಡನ್ನು ಮತ್ತೆ ನೆಡಬಹುದು. ತಂದೆಯಿಂದ ಮಗನಿಗೆ ಬಾರದೆ ಉಳಿದ ವಿದ್ಯೆಯನ್ನು ಯಾವ ನೆಲದಲ್ಲಿ ಬಿತ್ತುವುದು?

ಇದು ಕಲ್ಪನೆಯ ಲೆಕ್ಕವಾದರೂ ಗುಳೇದಗುಡ್ಡದಲ್ಲಿ ಮಗ್ಗದ ಸದ್ದು ಕುಗ್ಗಿರುವುದು ಕಲ್ಪನೆಯಲ್ಲ. ಉಡುಪಿನ ರೀತಿ ಬದಲಾದುದೂ ಇದಕ್ಕೆ ಕಾರಣವೆಂಬುದನ್ನು ಒಪ್ಪಬೇಕು. ಸೀರೆಯೊಡನೆಯೇ ಕುಬಸದ ತುಂಡು ಬರುವಾಗ ಬೇರೆ ಖಣವನ್ನು ಕೊಳ್ಳುವವರು ಕಡಿಮೆ. ಕಾಲವನ್ನು ಹಳಿದು ಫಲವಿಲ್ಲ. ಈಚಿನ ವರ್ಷಗಳಲ್ಲಿ ಕೆಲವರು ಖಣದ ಸೀರೆ, ಕೈಚೀಲ, ಪುಸ್ತಕದ ಹೊದಿಕೆಗಳನ್ನು ಮಾಡಿಸಿ ಹೊಸ ಗಿರಾಕಿಗಳನ್ನು ಹುಡುಕಿಕೊಂಡಿರುವರು. ಇದು ಶ್ಲಾಘ್ಯವಾದುದು. ಆದರೆ ಹೊಸ ಗಿರಾಕಿಯ ಹಣವು ನೇಕಾರನ ಮನೆಯನ್ನು ಮುಟ್ಟದಿದ್ದರೆ, ಬೇರಿಗೆ ನೀರೆರೆಯದೆ ಎಲೆಗೆ ಬಣ್ಣ ಬಳಿದಂತಾಗುವುದು.

ಬಣ್ಣದ ಮಾತೂ ಹಾಗೆಯೇ. ನೂಲಿಗೆ ಬಣ್ಣ ಹಾಕಿದ ನೀರನ್ನು ಶುದ್ಧಿ ಮಾಡದೆ ಚರಂಡಿಗೆ ಬಿಟ್ಟರೆ ಇಂದು ಖರ್ಚು ಉಳಿಯುವುದು. ನಾಳೆ ಊರಿನ ನೀರು ಕೆಡುವುದು. ಆ ಖರ್ಚನ್ನು ಯಾರಾದರೂ ತೆರಲೇಬೇಕು.

ಆದುದರಿಂದ ವರ್ತಕರಲ್ಲಿ ನಮ್ಮದೊಂದು ವಿಜ್ಞಾಪನೆ: ಮಜೂರಿಯನ್ನು ವೆಚ್ಚವೆಂದೆಣಿಸದೆ ಮೂಲಧನದ ರಕ್ಷಣೆಯೆಂದು ಎಣಿಸಿರಿ. ಗೃಹಿಣಿಯರಲ್ಲಿ ಇನ್ನೊಂದು: ಮುಂದಿನ ಸಲ ಉಡಿ ತುಂಬಲು ಖಣ ಕೊಳ್ಳುವಾಗ, ಬೆಲೆಯ ಜೊತೆಗೆ ‘ಇದು ಯಾವ ಮಗ್ಗದ್ದು? ಯಾರು ನೆಯ್ದದ್ದು?’ ಎಂದೂ ಕೇಳಿರಿ. ಹತ್ತು ಮನೆಯವರು ಕೇಳಿದರೆ ಅಂಗಡಿಯವನು ಉತ್ತರವನ್ನು ಸಿದ್ಧಮಾಡಿಕೊಳ್ಳುವನು. ನೂರು ಮನೆಯವರು ಕೇಳಿದರೆ ಅವನು ಕೈಮಗ್ಗದ ಖಣವನ್ನೇ ತರಿಸುವನು.