ಇಪ್ಪತ್ತೈದು ಎಕರೆಯ ಲೆಕ್ಕ

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಆಚೀಚೆಯ ಎರೆ ಹೊಲಗಳಲ್ಲಿ ಐದು ಮಂದಿ ತಲಾ ಇಪ್ಪತ್ತೈದು ಎಕರೆ ಕೊಂಡು ಲೇಔಟ್ ಮಾಡಹೊರಟರು ಎಂದುಕೊಳ್ಳೋಣ. ಕೂಡಿಸಿದರೆ 125 ಎಕರೆ, ಅಂದರೆ 50 ಹೆಕ್ಟೇರಿಗೂ ತುಸು ಹೆಚ್ಚು. ಒಬ್ಬನೇ ಮಾಲೀಕ ಇಷ್ಟು ನೆಲಕ್ಕೆ ಕೈ ಹಾಕಿದ್ದರೆ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ಅವನನ್ನು ತಡೆದು ಪ್ರಶ್ನೆ ಕೇಳುತ್ತಿತ್ತು. ಐವರಾದ್ದರಿಂದ ಯಾರನ್ನೂ ಕೇಳುವುದಿಲ್ಲ. ಕಟ್ಟಡಗಳಿಗೂ ಇಂಥದ್ದೇ ಗೆರೆಯಿದೆ: 20,000 ಚದರ ಮೀಟರ್ ದಾಟದಿದ್ದರೆ ಪರಿಸರ ಅನುಮತಿಯ ಗೊಡವೆಯೇ ಇಲ್ಲ.

ಮಳೆ ನೀರಿಗೆ ಮಾಲೀಕರ ಎಣಿಕೆ ಗೊತ್ತಿಲ್ಲ. ಬದು ಒಡೆದು ಡಾಂಬರು ಹಾಕಿದ ಮೇಲೆ ಅದು ಐದೂ ಕಡೆಯಿಂದ ಒಂದೇ ಹಳ್ಳಕ್ಕೆ ನುಗ್ಗುತ್ತದೆ. ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ 2019ರಲ್ಲಿ ಜನ ಕೈಜೋಡಿಸಿ ಹಿರೇಹಳ್ಳ ಸ್ವಚ್ಛ ಮಾಡಿದ್ದು ಈ ಸೀಮೆಗೆಲ್ಲ ಗೊತ್ತು. ಹೂಳು ತೆಗೆಯಲು ಊರೇ ಬರಬೇಕು, ಹೂಳು ತುಂಬುವ ಕೆಲಸಕ್ಕೆ ಮಾತ್ರ ಊರನ್ನು ಕೇಳಬೇಕಿಲ್ಲ. ಇದೆಂಥ ನ್ಯಾಯ?

ಹೊಲವನ್ನು ಎನ್‌ಎ (ಕೃಷಿಯೇತರ) ಮಾಡುವ ಅಧಿಕಾರ 1964ರ ಭೂಕಂದಾಯ ಕಾಯ್ದೆಯಂತೆ ಜಿಲ್ಲಾಧಿಕಾರಿಗಳದ್ದು. ನಕ್ಷೆ ನೋಡುವ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ ರಸ್ತೆಯ ಅಗಲ, ಪಾರ್ಕಿನ ಜಾಗ ಅಳೆಯುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆ ಕಟ್ಟಡಕ್ಕೆ, ಕಾರ್ಖಾನೆಗೆ ಪರವಾನಗಿ ಕೊಡುವ ಮಾತನ್ನು ಗ್ರಾಮ ಪಂಚಾಯಿತಿಗೆ ವಹಿಸಿದೆಯಾದರೂ ಕಡತ ಅಲ್ಲಿಗೆ ಬರುವ ಹೊತ್ತಿಗೆ ಹೊಲ ಹೊಲವಾಗಿ ಉಳಿದಿರುವುದಿಲ್ಲ. ದೊಡ್ಡ ಟೌನ್‌ಶಿಪ್‌ಗಳಿಗೂ ಸಾರ್ವಜನಿಕ ಅಹವಾಲು ಆಲಿಕೆಯಿಂದ 2006ರ ಅದೇ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ಮನೆ ಕಟ್ಟುವುದು ನಿರುಪದ್ರವಿ ಎಂಬ ನಂಬಿಕೆ ಇದರ ಹಿಂದಿರಬೇಕು.

ಕಾರ್ಖಾನೆಗಳ ಕಥೆ ಬೇರೆಯೇನಲ್ಲ. ಕೊಪ್ಪಳದ ಪಕ್ಕದ ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳದ ಸುತ್ತ ಒಂದೊಂದು ಕಾರ್ಖಾನೆಗೂ ಒಂದೊಂದು ಕಡತ. ಬೂದಿ ಮಾತ್ರ ಎಲ್ಲ ಚಿಮಣಿಗಳಿಂದ ಬಂದು ಒಂದೇ ಹೊಲದ ಮೇಲೆ ಬೀಳುತ್ತದೆ. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆಯಿತಲ್ಲ, ಅಂದು ಬೀದಿಗಿಳಿದವರ ಸಿಟ್ಟು ಆ ಒಂದು ಕಡತದ ಮೇಲಷ್ಟೇ ಇರಲಿಲ್ಲ. ಅಲ್ಲಿಯವರೆಗೆ ಯಾರೂ ಕೂಡಿಸಿ ನೋಡದ ಮೊತ್ತದ ಮೇಲಿತ್ತು.

ಆದ್ದರಿಂದ ಪರಿಣಾಮದ ಲೆಕ್ಕ ಊರಿನಿಂದಲೇ ಶುರುವಾಗಬೇಕು, ಅದೂ ಎನ್‌ಎ ಆಗುವ ಮೊದಲು. ದೊಡ್ಡ ವರದಿ ಬೇಡ. ನೀರು ಯಾವ ಕಡೆ ಹರಿಯುತ್ತದೆ, ಎಷ್ಟು ಕೊಳವೆಬಾವಿ ಬೀಳುತ್ತವೆ, ಚರಂಡಿ ಎಲ್ಲಿ ಸೇರುತ್ತದೆ, ಪಕ್ಕದಲ್ಲಿ ಈಗಾಗಲೇ ಏನೇನು ಒಪ್ಪಿಗೆಯಾಗಿದೆ ಎಂಬ ಒಂದೆರಡು ಹಾಳೆ ಗ್ರಾಮಸಭೆಯ ಮುಂದೆ ಬಂದರೆ ಸಾಕು. ಕಿನ್ನಾಳದ ಚಿತ್ರಗಾರರು ಗೊಂಬೆಗೆ ಹುಣಸೆಬೀಜದ ಅಂಟು ಬಳಸುತ್ತಾರೆ. ಬದುವಿನ ಹುಣಸೆಮರ ಬಿದ್ದರೆ ಯಾರಿಗೆ ನಷ್ಟ ಎಂಬುದು ಬೆಂಗಳೂರಿನ ಸಲಹೆಗಾರನಿಗೆ ಹೊಳೆಯಲಿಕ್ಕಿಲ್ಲ, ಸಭೆಯಲ್ಲಿ ಕೂತವರಿಗೆ ಹೊಳೆಯುತ್ತದೆ.

ಪಂಚಾಯಿತಿ ಸದಸ್ಯರನ್ನು ಒಲಿಸಿಕೊಳ್ಳುವುದು ಸುಲಭ ಎಂಬ ಆಕ್ಷೇಪ ಸುಳ್ಳಲ್ಲ. ಮೇಲಿನವರನ್ನು ಒಲಿಸಿಕೊಳ್ಳುವುದು ಕಷ್ಟ ಎಂದು ಯಾರೂ ಹೇಳಿಲ್ಲವೆನ್ನಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಇನ್ನೊಂದು: ಪ್ಲಾಟು ಹೆಚ್ಚಾದಷ್ಟೂ ಪಂಚಾಯಿತಿಗೆ ತೆರಿಗೆ ಹೆಚ್ಚು. ತೆರಿಗೆ ಎಣಿಸುವ ಕೈಯೇ ಹಾನಿಯನ್ನೂ ತೂಗಿದರೆ ತಕ್ಕಡಿ ಒಂದು ಕಡೆ ವಾಲುತ್ತದೆ. ಹಾಗಾಗಿ ತಕರಾರು ಹೇಳುವ ಹಕ್ಕು ಲೇಔಟ್ ಬರುವ ಊರಿಗಷ್ಟೇ ಇದ್ದರೆ ಸಾಲದು. ಅದೇ ಹಳ್ಳದ ಕೆಳಗಿನ ಊರುಗಳ ಪಂಚಾಯಿತಿಗಳಿಗೂ ಇರಬೇಕು. ಅವರಿಗೆ ಬರುವುದು ನೆರೆ ಮತ್ತು ಕೊಳಚೆ, ಕರವಲ್ಲ.